ಟಾರ್ಚ್ ಹಿಡಿದವನ ಅನುಮಾನ

ಸ್ವಂತ ವಸ್ತುವನ್ನು ಸ್ವಂತ ಕೈಯಿಂದ ರಿಪೇರಿ ಮಾಡಿಕೊಳ್ಳುವ ಹಕ್ಕು ಮನುಷ್ಯನಿಗೆ ಎಲ್ಲಿಯ ತನಕ ಇದೆ? ಕೇಳಲಿಕ್ಕೆ ಸಣ್ಣ ಪ್ರಶ್ನೆ. ಕೊಡೆಯ ಕಡ್ಡಿ ಮುರಿದರೆ ಯಾರ ಅಪ್ಪಣೆಯೂ ಬೇಕಿಲ್ಲ. ಚಪ್ಪಲಿಯ ಬಾರು ಕಿತ್ತರೆ ಪಿನ್ನು ಚುಚ್ಚಿಕೊಂಡು ಮನೆ ಸೇರಬಹುದು. ಗೋಡೆ ಗಡಿಯಾರ ಬಿಚ್ಚಿ ಮತ್ತೆ ಕೂಡಿಸಲಾಗದೆ ಹೋದರೆ ಹಾಳಾಗುವುದು ನಮ್ಮ ಗಡಿಯಾರವೇ ತಾನೆ. ಆದರೆ ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವ್? ಸ್ಕೂಟರಿನ ಬ್ರೇಕು? ಇಲ್ಲಿಂದ ಮುಂದೆ ‘ನನ್ನದು’ ಎನ್ನುವ ಮಾತು ಸ್ವಲ್ಪ ಸಡಿಲವಾಗುತ್ತದೆ. ವಾಲ್ವ್ ನನ್ನದು, ಅದರ ಎದುರು ನಿಂತು ಒಗ್ಗರಣೆ ಹಾಕುವವಳು ಹೆಂಡತಿ. ಬ್ರೇಕು ನನ್ನದು, ರಸ್ತೆ ದಾಟುವ ಹುಡುಗ ಯಾರ ಮನೆಯವನೋ.

ಈ ಪ್ರಶ್ನೆ ನನಗೆ ಗಂಟುಬಿದ್ದದ್ದು ಕುಕ್ಕರಿನಿಂದಲ್ಲ, ಒಂದು ಕೋವಿಯಿಂದ. ನನ್ನದಲ್ಲ, ಪಕ್ಕದ ಬ್ಲಾಕಿನ ಕರ್ನಲ್ ಸಾಹೇಬರದು. ಅವರು ಕೊಡಗಿನವರು, ಸೈನ್ಯದಿಂದ ನಿವೃತ್ತರಾದ ಮೇಲೆ ಮಕ್ಕಳು ಇಲ್ಲೇ ನೌಕರಿಯಲ್ಲಿದ್ದಾರೆಂದು ದಿಲ್ಲಿಯಲ್ಲಿ ಉಳಿದವರು. ನಾನು ತೀರ್ಥಹಳ್ಳಿ ಕಡೆಯವನು, ಎಂ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕ್ ಸೇರಿ, ಊರೂರು ವರ್ಗವಾಗುತ್ತಾ ಕೊನೆಗೆ ದ್ವಾರಕೆಯ ಈ ಫ್ಲಾಟಿನಲ್ಲಿ ನೆಲೆ ನಿಂತವನು. ನಾನು ಸೇರಿದ ಬ್ಯಾಂಕು ಇನ್ನೊಂದರಲ್ಲಿ ವಿಲೀನವಾಗಿ ಅದರ ಹೆಸರೇ ಈಗ ಇಲ್ಲ. ಪಾಸ್‌ಬುಕ್ಕು ತಿಜೋರಿಯಲ್ಲಿ ಉಳಿದಿದೆ. ಆರ್.ಕೆ. ಪುರಂನ ಕರ್ನಾಟಕ ಸಂಘದಲ್ಲಿ ಒಂದು ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಮ್ಮಿಬ್ಬರ ಪರಿಚಯವಾಯಿತು. ಅವರು ಇವತ್ತಿಗೂ ನನ್ನನ್ನು ‘ಮ್ಯಾನೇಜರ್ರೇ’ ಎಂದೇ ಕರೆಯುತ್ತಾರೆ. ನಾನು ಬೇಡವೆಂದಿಲ್ಲ. ಪಿಂಚಣಿಯವನಿಗೆ ಅಷ್ಟಾದರೂ ಬೇಡವೇ?

ಕರ್ನಲ್ ಸಾಹೇಬರದು ಟ್ರ್ಯಾಪ್ ಶೂಟಿಂಗ್ ಹುಚ್ಚು. 1982ರ ಏಷ್ಯನ್ ಕ್ರೀಡಾಕೂಟಕ್ಕೆಂದು ತುಘಲಕಾಬಾದಿನಲ್ಲಿ ಕಟ್ಟಿದ, ಈಗ ಡಾ. ಕರ್ಣಿ ಸಿಂಗ್ ಅವರ ಹೆಸರಿನಲ್ಲಿರುವ ರೇಂಜಿಗೆ ವಾರಕ್ಕೊಮ್ಮೆ ಹೋಗಿ ಬರುತ್ತಾರೆ. ಆಟ ತಿಳಿಯದವರಿಗೆ ಎರಡು ಮಾತು. ಆಟಗಾರ ನಿಂತ ಜಾಗದಿಂದ 15 ಮೀಟರ್ ಮುಂದೆ ನೆಲದೊಳಗಿನ ಕಂದಕದಲ್ಲಿ ಯಂತ್ರಗಳು ಕೂತಿರುತ್ತವೆ. ಆಟಗಾರ ಕೂಗಿದ ಕ್ಷಣ ಒಂದು ಬಿಲ್ಲೆ ಚಿಮ್ಮಿ ದೂರ ಹಾರುತ್ತದೆ. ಎಡಕ್ಕೋ ಬಲಕ್ಕೋ ಮೊದಲೇ ಗೊತ್ತಿರುವುದಿಲ್ಲ. ಬಿಲ್ಲೆಯ ಅಗಲ 11 ಸೆಂಟಿಮೀಟರ್, ತೂಕ 105 ಗ್ರಾಂ ಆಸುಪಾಸು. ಹೆಸರಿಗೆ ಕ್ಲೇ, ನಿಜವಾಗಿ ಟಾರಿನಂಥ ಅಂಟು ಮತ್ತು ಸುಣ್ಣಕಲ್ಲಿನ ಪುಡಿ. ಆರು ಜನರ ತಂಡ, ಐದು ನಿಲ್ದಾಣ, ಸುತ್ತಿಗೆ 25 ಬಿಲ್ಲೆ. ಒಬ್ಬರ ಪಕ್ಕ ಮೂರು ಮೀಟರ್ ಬಿಟ್ಟು ಇನ್ನೊಬ್ಬರು ತುಂಬಿದ ಕೋವಿ ಹಿಡಿದು ನಿಂತಿರುತ್ತಾರೆ. ಈ ಮೂರು ಮೀಟರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅವರ ಕೋವಿ ಇಟಲಿಯ ಪೆರಾಜಿ, ಎಂಎಕ್ಸ್ 8. ಬ್ರೆಷಿಯಾ ಪಟ್ಟಣದ ಹತ್ತಿರದ ಬೊಟ್ಟಿಚಿನೋ ಎಂಬಲ್ಲಿ ತಯಾರಾಗುವಂಥದ್ದು. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಿಂದ ಆ ಹೆಸರು ಬಂತು. ಒಂದರ ಮೇಲೊಂದು ಎರಡು ನಳಿಗೆ. ಇದರ ವಿಶೇಷವೆಂದರೆ ಟ್ರಿಗರಿನ ಇಡೀ ಜೋಡಣೆಯನ್ನು ಯಾವ ಸಲಕರಣೆಯೂ ಇಲ್ಲದೆ ಕೈಯಿಂದಲೇ ಹೊರಗೆ ತೆಗೆಯಬಹುದು. ಅದರೊಳಗೆ ಕುದುರೆಯನ್ನು ಮುಂದಕ್ಕೆ ಬಡಿಯುವ ಸ್ಪ್ರಿಂಗು ಸುರುಳಿಯದಲ್ಲ, ಚಿಮಟದ ಹಾಗೆ ಬಾಗಿದ ಉಕ್ಕಿನ ಪಟ್ಟಿ. ಇಂಥ ಪಟ್ಟಿ ಸ್ಪ್ರಿಂಗಿನಿಂದ ಟ್ರಿಗರು ಚುರುಕಾಗಿ ಬೀಳುತ್ತದಂತೆ. ಬಳಸಿ ಬಳಸಿ ಒಂದು ದಿನ ಅದು ಪಟಕ್ಕನೆ ಮುರಿಯುವುದೂ ಉಂಟು. ಅವತ್ತು ಮುರಿದಿತ್ತು. ಶುಕ್ರವಾರ ಸಂಜೆ. ಭಾನುವಾರ ಅವರಿಗೆ ಮ್ಯಾಚು.

“ಮ್ಯಾನೇಜರ್ರೇ, ಸ್ವಲ್ಪ ಬಂದು ಟಾರ್ಚ್ ಹಿಡೀತೀರಾ?” ಎಂದು ಫೋನು.

ಹೋದೆ. ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ನಳಿಗೆಗಳನ್ನು ಕಳಚಿ ಪಕ್ಕಕ್ಕೆ ಇಟ್ಟಿದ್ದರು. ತೋಟಾಗಳೆಲ್ಲ ಬೇರೆ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಬೀಗದ ಕೈ ಅವರ ಹೆಂಡತಿಯ ಬಳಿ. ಕಣ್ಣಿಗೆ ಶೂಟಿಂಗಿನ ಕನ್ನಡಕ ಏರಿಸಿದ್ದರು, ಸ್ಪ್ರಿಂಗು ಚಿಮ್ಮಿದರೆ ಕಣ್ಣು ಹೋಗುತ್ತದೆಂದು. ಮುರಿದ ಪಟ್ಟಿ ಒಂದು ಸಣ್ಣ ಬಟ್ಟಲಿನಲ್ಲಿತ್ತು, ನನ್ನ ಕಿರುಬೆರಳಿನಷ್ಟೂ ಇಲ್ಲ. ಹೊಸದು ಕಂಪನಿಯದೇ, ಮೊದಲೇ ತರಿಸಿಟ್ಟಿದ್ದರು. ಕೆಲಸ ಮಾಡುವ ರೀತಿಯಲ್ಲಿ ಒಂದು ಕೊರತೆ ಹೇಳುವ ಹಾಗಿರಲಿಲ್ಲ. ಹಳೆಯದನ್ನು ಹೇಗಿತ್ತೋ ಹಾಗೆ ಕಾಗದದ ಮೇಲೆ ಬರೆದುಕೊಂಡು, ಹೊಸದನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಉಸಿರು ಕಟ್ಟಿ ಕೂರಿಸಿದರು. ಮುಕ್ಕಾಲು ಗಂಟೆ. ಆಮೇಲೆ ಕೋವಿ ಜೋಡಿಸಿ, ಮದ್ದಿಲ್ಲದ ಸುಳ್ಳು ತೋಟಾ ಎರಡು ಹಾಕಿ ಟ್ರಿಗರು ಎಳೆದರು. ಟಿಕ್. ಮತ್ತೆ ಟಿಕ್. ಮುಖ ಊರಗಲ.

“ನಾಡಿದ್ದು ಇದರಲ್ಲೇ ಹೊಡೆಯೋದು,” ಅಂದರು.

ನಾನು ಟಾರ್ಚ್ ಆರಿಸಿ ಕೇಳಿದೆ, “ಯಾರಿಗೂ ತೋರಿಸೋದಿಲ್ವಾ?”

ಅಲ್ಲಿಂದ ಶುರುವಾಯಿತು. ಕಾಫಿ ಎರಡು ಸಲ ಬಂತು.

ಮೊದಲು ಕಾನೂನಿನ ಮಾತು. 1959ರ ಶಸ್ತ್ರ ಕಾಯ್ದೆಯ ಐದನೆಯ ಕಲಮು ಆಯುಧವನ್ನು ತಯಾರಿಸಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಪರೀಕ್ಷಿಸಲೂ ಲೈಸನ್ಸು ಕೇಳುತ್ತದೆ. ಆಯುಧ ಎಂದರೆ ಅದರ ಬಿಡಿಭಾಗವೂ ಸೇರಿತು ಎಂದು ಅದೇ ಕಾಯ್ದೆಯ ವ್ಯಾಖ್ಯೆ. ಬ್ಯಾಂಕಿನವನಿಗೆ ಕಲಮು ಹೇಳುವ ಚಪಲ ಇದ್ದದ್ದೇ, ಹೇಳಿದೆ. ಕರ್ನಲ್ ಸಾಹೇಬರು ನಕ್ಕರು. “ಅದು ಅಂಗಡಿ ಇಟ್ಕೊಂಡವರಿಗೆ. ನಾನು ನನ್ನ ಕೋವಿಗೆ ಎಣ್ಣೆ ಹಾಕಿದ್ರೂ ರಿಪೇರಿಯಾ? ಟ್ರಿಗರ್ ಕೈಯಲ್ಲೇ ಬಿಚ್ಚೋ ಹಾಗೆ ಮಾಡಿದ್ದೇ ಕಂಪನಿಯವನು. ಬಿಚ್ಚಲಿ ಅಂತಲೇ ತಾನೆ?”

ಬಿಚ್ಚುವುದು ಬೇರೆ, ಬಿಚ್ಚಿದ್ದರ ಒಳಗೆ ಕೈಹಾಕುವುದು ಬೇರೆ ಅಂದೆ. ಚೆಕ್ಕಿನ ಮೇಲೆ ಸಹಿ ಹಾಕುವ ಅಧಿಕಾರ ಗ್ರಾಹಕನಿಗಿದೆ ಎಂದು ಲೆಡ್ಜರನ್ನೂ ಅವನೇ ತಿದ್ದಬಹುದೇ?

ಇಲ್ಲಿ ಅವರ ಕಡೆಯ ವಾದವನ್ನೂ ನ್ಯಾಯವಾಗಿ ಹೇಳಬೇಕು, ಯಾಕೆಂದರೆ ಅದರಲ್ಲಿ ತೂಕವಿತ್ತು. ಅವರ ಊರಿನಲ್ಲಿ ಕೋವಿ ಎಂದರೆ ಮನೆಯ ಒಬ್ಬ ಸದಸ್ಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸನ್ಸು ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿಹಿಡಿಯಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ಕೋವಿ ತೊಳೆದು ಒರೆಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜೆ. “ಎಂಟನೇ ವಯಸ್ಸಿಂದ ಕೋವಿ ಒರೆಸಿದ ಕೈ ಇದು,” ಅಂದರು. “ಇಲ್ಲಿ ನನ್ನ ಕೈ ನನಗೆ ಗೊತ್ತೋ, ಗಲ್ಲಿಯಲ್ಲಿ ಕೂತ ಯಾವನೋ ಅಪರಿಚಿತನಿಗೆ ಗೊತ್ತೋ?”

ಈ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಊರು ಬಿಟ್ಟವರೆಲ್ಲರ ಮನಸ್ಸಿನೊಳಗೆ ಇರುವ ಮಾತೇ ಅದು. ಪರಸ್ಥಳದಲ್ಲಿ ನಮಗೆ ‘ನಮ್ಮ’ ಕಮ್ಮಾರ ಇಲ್ಲ, ‘ನಮ್ಮ’ ದರ್ಜಿ ಇಲ್ಲ, ‘ನಮ್ಮ’ ಡಾಕ್ಟರು ಸಿಗಲಿಕ್ಕೆ ಹತ್ತು ವರ್ಷ ಬೇಕು. ಭಾಷೆ ಅರ್ಧ ಬರುತ್ತದೆ, ಮೋಸ ಹೋದ ಕಥೆ ದಿನಕ್ಕೊಂದು ಕೇಳುತ್ತೇವೆ. ಆದ್ದರಿಂದ ನಾವು ಸ್ವಾವಲಂಬಿಗಳಾಗುತ್ತೇವೆ. ನಲ್ಲಿ ನಾವೇ ಬಿಗಿಯುತ್ತೇವೆ, ಫ್ಯೂಸು ನಾವೇ ಹಾಕುತ್ತೇವೆ, ಜ್ವರಕ್ಕೆ ಮಾತ್ರೆಯೂ ನಾವೇ. ಇದನ್ನು ಗುಣವೆಂದೇ ಹೊಗಳಿಕೊಳ್ಳುತ್ತೇವೆ, ಬಹುಪಾಲು ಗುಣವೇ ಹೌದು.

ಆದರೆ ಊರಿನ ಚಿತ್ರವನ್ನು ಪೂರ್ತಿ ನೆನೆಸಿಕೊಂಡರೆ ಬೇರೆ ಒಂದು ಸಂಗತಿ ಕಾಣುತ್ತದೆ. ಮಲೆನಾಡಿನಲ್ಲಿ ಹಂದಿ, ಮಂಗ ಓಡಿಸಲು ಬೆಳೆ ರಕ್ಷಣೆಯ ಲೈಸನ್ಸಿನ ಕೋವಿ ಇರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರುವ ರಗಳೆಯೂ ಅದರ ಜೊತೆಗೆ. ನನ್ನ ಚಿಕ್ಕಪ್ಪನದು ಕೇಪಿನ ಕೋವಿ. ಅದರ ಕುದುರೆ ಸಡಿಲಾದಾಗ ಅವರು ಒಂದು ಮಳೆಗಾಲ ಜಗಲಿಯಲ್ಲಿ ಕೂತು ತಂತಿ ಸುತ್ತಿ ಏನೋ ಮಾಡಿದರು. ಸರಿಹೋಯಿತು ಅಂತ ಹೆಗಲಿಗೇರಿಸಿ ಅಂಗಳ ದಾಟುವ ಮೊದಲೇ ಆಚೆಮನೆ ಅಜ್ಜ ಅಡಕೆ ಸುಲಿಯುತ್ತಾ ಕೂತಲ್ಲಿಂದಲೇ ಕೂಗಿದರು, “ಏ ಮಾರಾಯ, ಎಂತದು ಅದು, ತಗಂಬಾ ಇಲ್ಲಿ ನೋಡನ.” ನೋಡಿದರು. “ಇದನ್ನ ಹಿಡ್ಕಂಡು ಮಕ್ಕಳಿರೋ ದಾರೀಲಿ ಹೋಗಬೇಡ,” ಅಂದರು. ಚಿಕ್ಕಪ್ಪನಿಗೆ ಸಿಟ್ಟು ಬಂತು. ಕೋವಿ ಮಾತ್ರ ಆ ವಾರ ಅಟ್ಟ ಹತ್ತಿತು, ಆಮೇಲೆ ಪೇಟೆಗೆ ಹೋಗಿ ಸರಿಯಾಯಿತು. ಅಜ್ಜನನ್ನು ಯಾರೂ ಕೇಳಿರಲಿಲ್ಲ, ಗಮನಿಸಿ. ಊರಿನಲ್ಲಿ ಬೇಡ ಅನ್ನುವವರು ಪುಕ್ಕಟೆ ಸಿಗುತ್ತಾರೆ. ನಾವು ಹದಿನೆಂಟು ಇಪ್ಪತ್ತನೇ ವಯಸ್ಸಿನಲ್ಲಿ ಊರು ಬಿಟ್ಟು ಓಡಿಬರುವುದಕ್ಕೆ ಅವರೂ ಒಂದು ಕಾರಣವೇ.

ದ್ವಾರಕೆಯ ಫ್ಲಾಟಿನಲ್ಲಿ ಬಾಗಿಲು ಹಾಕಿಕೊಂಡು ನೀವು ಏನು ಬಿಚ್ಚಿದರೂ ಏನು ಕೂಡಿಸಿದರೂ ಕೇಳುವವರಿಲ್ಲ. ಎದುರು ಮನೆಯವನಿಗೆ ನಿಮ್ಮ ಹೆಸರೇ ಗೊತ್ತಿಲ್ಲ. ಈ ಸ್ವಾತಂತ್ರ್ಯವನ್ನು ನಾನು ನಲವತ್ತು ವರ್ಷ ಅನುಭವಿಸಿದ್ದೇನೆ, ನನಗೆ ಅದು ಇಷ್ಟ. ಆದರೆ ಊರಿನಲ್ಲಿ ತಾನಾಗಿ ಬರುತ್ತಿದ್ದ ಎರಡನೆಯ ಕಣ್ಣನ್ನು ಇಲ್ಲಿ ನಾವೇ ಹುಡುಕಿಕೊಂಡು ಹೋಗಬೇಕಾಗುತ್ತದೆ. ಹೋಗದಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಅದೇ ತೊಂದರೆ. ನನ್ನ ಕೈಕೆಲಸವನ್ನು ಬೇಡ ಅನ್ನಬಲ್ಲವನ ಮುಂದೆ ಇಡಲು ನಾನು ತಯಾರಿದ್ದರೆ ಮಾತ್ರ ರಿಪೇರಿಯ ಹಕ್ಕು ನನಗೆ ಬರುತ್ತದೆ ಎಂದು ನನ್ನ ಲೆಕ್ಕ. ವಸ್ತು ನನ್ನದೆಂಬ ಕಾರಣಕ್ಕೆ ಬರುವುದಿಲ್ಲ. ಕೈ ನುರಿತದ್ದೆಂಬ ಕಾರಣಕ್ಕೂ ಪೂರ್ತಿ ಬರುವುದಿಲ್ಲ. ನುರಿತ ಕೈ ತಪ್ಪು ಮಾಡುವಾಗಲೂ ಎಷ್ಟು ಸಲೀಸಾಗಿ ಮಾಡುತ್ತದೆ ಎಂದರೆ ಅದಕ್ಕೇ ತಿಳಿಯುವುದಿಲ್ಲ.

ಬ್ಯಾಂಕಿನಲ್ಲಿ ಇದನ್ನು ಹೊಸಬರಿಗೆ ಮೊದಲ ವಾರವೇ ಕಲಿಸುತ್ತಿದ್ದರು. ವೋಚರು ಬರೆದವನು ಅದನ್ನು ಪಾಸು ಮಾಡುವಂತಿಲ್ಲ. ತಿಜೋರಿಗೆ ಎರಡು ಬೀಗದ ಕೈ, ಒಂದು ಕ್ಯಾಷಿಯರನ ಹತ್ತಿರ, ಒಂದು ಅಧಿಕಾರಿಯ ಹತ್ತಿರ. ಇದು ಅಪನಂಬಿಕೆಯೆಂದು ಮುನಿಸಿಕೊಂಡವರನ್ನು ನೋಡಿದ್ದೇನೆ. ಒಬ್ಬ ಪ್ರಾಮಾಣಿಕ ಕ್ಯಾಷಿಯರ್, ಮೂವತ್ತು ವರ್ಷ ಒಂದು ರೂಪಾಯಿ ಹೆಚ್ಚುಕಮ್ಮಿ ಇಲ್ಲದವನು, ಪ್ರತಿ ಸಲ ಹಣ ಎಣಿಸಲು ಬಂದಾಗಲೂ ಅವಮಾನವಾದವನಂತೆ ಕೂರುತ್ತಿದ್ದ. ಒಂದು ದಿನ ಲೆಕ್ಕದಲ್ಲಿ ಅನುಮಾನ ಬಂದು ಇಡೀ ಶಾಖೆಯ ಮೇಲೆ ವಿಚಾರಣೆ ಬಿದ್ದಾಗ ಅವನನ್ನು ಉಳಿಸಿದ್ದು ಆ ಎಣಿಕೆಯ ಪುಸ್ತಕವೇ, ನಮ್ಮ ಸಹಿಗಳೇ.

ಕೋವಿ ಕೂಡ ಬ್ಯಾಂಕಿನವರಿಗೆ ಹೊಸತಲ್ಲ. ಉತ್ತರಪ್ರದೇಶದ ಒಂದು ಶಾಖೆಯಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ಬಾಗಿಲಲ್ಲಿ ನಿವೃತ್ತ ಸೈನಿಕರೊಬ್ಬರು ಹನ್ನೆರಡು ಬೋರಿನ ಜೋಡಿ ನಳಿಗೆ ಹಿಡಿದು ಕೂರುತ್ತಿದ್ದರು. ಒಮ್ಮೆ ಅದರೊಳಗೆ ತೋಟಾಕ್ಕೆ ಬಡಿಯುವ ಸೂಜಿ ಮುರಿಯಿತು. ಮೇಲಿನ ಕಚೇರಿಗೆ ಬರೆದೆ. ಕೊಟೇಶನ್ ಮೂರು ಬೇಕು ಅಂದರು, ಆ ಊರಿನಲ್ಲಿದ್ದದ್ದು ಒಂದೇ ಅಂಗಡಿ. ಪತ್ರ ಹೋಗಿ ಬಂದು ಮಂಜೂರಾಗುವಷ್ಟರಲ್ಲಿ ನಾಲ್ಕು ತಿಂಗಳು. ಅಷ್ಟೂ ದಿನ ಆ ಕೋವಿ ಬರೀ ಆಕಾರದಿಂದಲೇ ಶಾಖೆಯನ್ನು ಕಾಯಿತು. ಕಾವಲುಗಾರರು ಮಾತ್ರ, “ಸಾಬ್, ನಾನೇ ಹಾಕಿಬಿಡ್ತೀನಿ, ಹತ್ತು ನಿಮಿಷದ ಕೆಲಸ,” ಎಂದು ಒಮ್ಮೆಯೂ ಅನ್ನಲಿಲ್ಲ. ಸೈನ್ಯದಲ್ಲಿ ಕಲಿತ ಪಾಠ ಅದು ಎಂದು ಆಮೇಲೆ ತಿಳಿಯಿತು.

ಶುಕ್ರವಾರ ರಾತ್ರಿ ನನಗೆ ಅವರ ನೆನಪೇ ಬಂತು. ಕರ್ನಲ್ ಸಾಹೇಬರನ್ನು ಕೇಳಿದೆ, “ನಿಮ್ಮ ಬೆಟಾಲಿಯನ್ನಿನಲ್ಲಿ ಒಬ್ಬ ಜವಾನ ರಾತ್ರಿ ಬ್ಯಾರಕಿನಲ್ಲಿ ಕೂತು ತನ್ನ ರೈಫಲ್ಲಿಗೆ ತಾನೇ ಹೊಸ ಸ್ಪ್ರಿಂಗ್ ಹಾಕ್ಕೊಂಡು ಬೆಳಿಗ್ಗೆ ರೇಂಜಿಗೆ ಬಂದಿದ್ರೆ ಏನು ಮಾಡ್ತಿದ್ರಿ?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಆರ್ಮರರ್ ನೋಡಿದ್ನಾ ಅಂತ ಕೇಳ್ತಿದ್ದೆ.”

“ನೋಡಿಲ್ಲ ಅಂದ್ರೆ?”

“ಕ್ವಾರ್ಟರ್ ಗಾರ್ಡಿಗೆ ಹಾಕ್ತಿದ್ದೆ.”

ಅಡುಗೆಮನೆಯಿಂದ ಅವರ ಹೆಂಡತಿ ಜೋರಾಗಿ ನಕ್ಕದ್ದು ಕೇಳಿಸಿತು.

ಅವರಿಗೆ ಅಪಾಯ ಗೊತ್ತಿಲ್ಲವೆಂದಲ್ಲ, ನನಗಿಂತ ಹೆಚ್ಚು ಗೊತ್ತು. ಅವರೇ ಬಿಡಿಸಿ ಹೇಳಿದರು. ಸ್ಪ್ರಿಂಗು ಕೂರದಿದ್ದರೆ ಗುಂಡು ಹಾರುವುದಿಲ್ಲ, ಅದು ಬರೀ ನಷ್ಟ. ಆದರೆ ಒಳಗೆ ಕೈಹಾಕುವಾಗ ಕುದುರೆಯನ್ನು ತಡೆದು ಹಿಡಿಯುವ ಕೊಕ್ಕೆಯ ಅಂಚಿಗೆ ಪೆಟ್ಟು ಬಿದ್ದು ಅದು ಪೂರ್ತಿ ಕಚ್ಚದೆ ನಿಂತರೆ, ಕೋವಿ ಮುಚ್ಚುವ ಏಟಿಗೆ ಹಾರಬಹುದು. ಒಂದು ಹೊಡೆದ ಒದೆತಕ್ಕೆ ಇನ್ನೊಂದು ನಳಿಗೆಯೂ ಹಾರಬಹುದು. ಮೇಜಿನ ಮೇಲೆ ಸುಳ್ಳು ತೋಟಾ ಹಾಕಿ ಟಿಕ್ ಅನಿಸಿದಾಗ ಒದೆತ ಇರುವುದಿಲ್ಲ. ಆದ್ದರಿಂದ ಆ ಟಿಕ್ ಅರ್ಧ ಸಾಕ್ಷಿ ಮಾತ್ರ. ಆಗ ಆ ಮೂರು ಮೀಟರಿನ ಆಚೆ ನಿಂತವರ ಮಾತು ಬಂತು. ಅವರ ತಂಡದಲ್ಲಿ ಕಾಲೇಜು ಹುಡುಗಿಯೊಬ್ಬಳು ಇರುತ್ತಾಳೆ. ಅವಳು ಪಕ್ಕದವರ ಕೋವಿಯ ಕಡೆ ತಿರುಗಿಯೂ ನೋಡದೆ ತನ್ನ ಬಿಲ್ಲೆಗೆ ಕೂಗುತ್ತಾಳೆ. ಹಾಗೆ ನೋಡದೆ ಇರುವುದೇ ಅವಳು ಉಳಿದ ಐದು ಜನಕ್ಕೆ ಕೊಟ್ಟ ಸಾಲ. ಜಾಮೀನು ಇಲ್ಲದ ಸಾಲ ಎನ್ನಿ. ಅವಳನ್ನು ಕೇಳದೆ ಅದರ ಮಿತಿ ಹೆಚ್ಚಿಸಿಕೊಳ್ಳುವ ಅಧಿಕಾರ ಸಾಲಗಾರನಿಗೆ ಎಲ್ಲಿಂದ ಬಂತು?

ಶನಿವಾರ ಅವರು ಲೈಸನ್ಸಿರುವ ಒಬ್ಬ ರಿಪೇರಿಯವನಿಗೆ ಫೋನು ಮಾಡಿದರು. ಅವನು ಮದುವೆಗೆಂದು ಊರಿಗೆ ಹೋಗಿದ್ದ, ಮಂಗಳವಾರವೇ ಬರುವುದು. ಬೇರೆಯವರ ಕೈಗೆ ಆ ಕೋವಿ ಕೊಡಲು ಅವರಿಗೆ ಮನಸ್ಸಿಲ್ಲ. ಮ್ಯಾಚಿಗೆ ಕಟ್ಟಿದ ಹಣ ವಾಪಸಿಲ್ಲ. ಅವರ ವಯಸ್ಸು ಎಪ್ಪತ್ತರ ಹತ್ತಿರ. ಕಣ್ಣು ಈ ವರ್ಷ ಇದ್ದ ಹಾಗೆ ಮುಂದಿನ ವರ್ಷ ಇರುತ್ತದೆಂದು ಯಾರೂ ಬರೆದುಕೊಡುವುದಿಲ್ಲ. ಇಂಥವರಿಗೆ ಒಂದು ಮ್ಯಾಚು ತಪ್ಪಿಸಿ ಎಂದು ಹೇಳುವುದು ಸಣ್ಣ ಮಾತಲ್ಲ, ಹೇಳುವವನಿಗೆ ಏನೂ ಹೋಗುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಅವರು ಭಾನುವಾರ ಕೋವಿ ಮನೆಯಲ್ಲೇ ಬಿಟ್ಟು, ನನ್ನನ್ನು ಕರೆದುಕೊಂಡು ರೇಂಜಿಗೆ ಬರೀ ನೋಡಲು ಹೋದರು.

ಅಲ್ಲಿ ಒಂದು ಸಂಗತಿ ನೋಡಿದೆ. ನಾಲ್ಕನೆಯ ನಿಲ್ದಾಣದಲ್ಲಿ ಒಬ್ಬನ ಕೋವಿ ಹಾರಲಿಲ್ಲ. ಅವನು ಕೋವಿಯನ್ನು ಮುಂದಕ್ಕೇ ಗುರಿಯಿಟ್ಟು, ತೆರೆಯದೆ, ಸೇಫ್ಟಿಯನ್ನೂ ಮುಟ್ಟದೆ ಕಂಬದ ಹಾಗೆ ನಿಂತ. ರೆಫ್ರಿ ಬಂದು ತಾನು ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು. ಅದಕ್ಕೆ ಮೊದಲು ಆಟಗಾರ ತಾನೇ ತೆರೆದು ನೋಡಿದರೆ ಆ ಬಿಲ್ಲೆ ಹೋದ ಹಾಗೆ. ಏನಾಯಿತೆಂದು ಅವನಿಗೇ ಚೆನ್ನಾಗಿ ಗೊತ್ತಿರಬಹುದು. ಕೋವಿ ಅವನದೇ. ಆದರೂ ನಿರ್ಣಯ ಅವನದಲ್ಲ. ಕರ್ನಲ್ ಸಾಹೇಬರು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಗೆದ್ದ ವಾದವನ್ನು ಮತ್ತೆ ಎತ್ತಬಾರದೆಂದು ಸಂಸಾರದಲ್ಲಿ ಕಲಿತಿದ್ದೇನೆ.

ಮಂಗಳವಾರ ರಿಪೇರಿಯವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿದ. ಸ್ಪ್ರಿಂಗು ನೋಡಿದ, ಕೊಕ್ಕೆಯ ಅಂಚು ನೋಡಿದ, ಖಾಲಿ ಕೋವಿಯ ಕುದುರೆ ಏರಿಸಿ ಹಿಡಿಯನ್ನು ರಬ್ಬರಿನ ಮೇಲೆ ನಾಲ್ಕು ಸಲ ಕುಟ್ಟಿ ನೋಡಿದ. “ಬಿಲ್ಕುಲ್ ಠೀಕ್ ಹೈ. ಕಿಸ್ನೆ ಲಗಾಯಾ?” ಅಂದ. ಅಷ್ಟಕ್ಕೇ ಐನೂರು ರೂಪಾಯಿ ತೆಗೆದುಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಕರ್ನಲ್ ಸಾಹೇಬರು ಸಿಡಿದರು. “ಏನು ಸಿಕ್ಕಿತು ಮ್ಯಾನೇಜರ್ರೇ? ಒಂದು ಮ್ಯಾಚು ಹೋಯ್ತು, ಐನೂರು ಹೋಯ್ತು. ನಾನು ಹಾಕಿದ್ದು ಸರಿಯೇ ಇತ್ತು.”

ನಿಜ, ಸರಿಯೇ ಇತ್ತು. ಏನೂ ಸಿಗದ ತಪಾಸಣೆ ದಂಡವೇ? ನಾನು ಸರ್ವೀಸಿನಲ್ಲಿ ಎಷ್ಟೋ ಶಾಖೆಗಳಲ್ಲಿ ಹೇಳದೆ ಹೋಗಿ ಹಣ ಎಣಿಸಿದ್ದೇನೆ. ಹೆಚ್ಚುಕಡಿಮೆ ಎಲ್ಲ ಸಲವೂ ಲೆಕ್ಕ ಸರಿಬಂತು. ಹಾಗಾದರೆ ಅಷ್ಟೂ ಎಣಿಕೆ ದಂಡವೇ? ಎಣಿಸುವ ಮೊದಲೂ ಹಣ ಅಷ್ಟೇ ಇತ್ತು, ಎಣಿಸಿದ ಮೇಲೂ ಅಷ್ಟೇ. ಆದರೆ ಮೊದಲು ಅದು ಕ್ಯಾಷಿಯರನ ಮಾತಾಗಿತ್ತು, ಆಮೇಲೆ ಬ್ಯಾಂಕಿನ ಮಾತಾಯಿತು. ಕೋವಿಯದೂ ಅಷ್ಟೇ ಅಂದೆ. ಅವರು ಒಪ್ಪಲಿಲ್ಲ. “ಇದು ಆಡಿಟರ್ ವೇದಾಂತ,” ಅಂದರು. ಪಾಲಂ ಮೇಲ್ಸೇತುವೆಯ ಜಾಮಿನಲ್ಲಿ ಮುಕ್ಕಾಲು ಗಂಟೆ ಕೂತರೂ ಒಪ್ಪಲಿಲ್ಲ. ನನಗೂ ಪೂರ್ತಿ ಸಮಾಧಾನವಿಲ್ಲ. ಲೆಕ್ಕದ ಪುಸ್ತಕದಲ್ಲಿ ಇಂಥ ಖರ್ಚನ್ನು ಬರೆಯಲು ಒಂದು ಕಾಲಮು ಉಂಟು, ಅದರಿಂದ ಬಂದ ಲಾಭವನ್ನು ಬರೆಯಲು ಇಲ್ಲ. ಹಾಗಿರುವಾಗ ಹೋದ ಮ್ಯಾಚನ್ನು ನೆನೆದು ಕೊರಗುವವರಿಗೆ ಏನು ತೋರಿಸುವುದು?

ಮುಂದಿನ ತಿಂಗಳ ಮ್ಯಾಚಿನಲ್ಲಿ ಮೊದಲ ಸುತ್ತಿಗೆ 25ಕ್ಕೆ 19 ಹೊಡೆದು ಬಂದರು. ಹೊಸ ಸ್ಪ್ರಿಂಗಿನಿಂದ ಟ್ರಿಗರು ಸ್ವಲ್ಪ ಬಿಗಿಯಾದ ಹಾಗಿದೆ ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ಅವರ ಹೆಂಡತಿ ಕಾಫಿ ಲೋಟ ಇಡುತ್ತಾ, “ಸ್ಪ್ರಿಂಗ್ ಸರಿ ಉಂಟು ಅಂತ ಐನೂರು ಕೊಟ್ಟು ಬರೆಸ್ಕೊಂಡು ಬಂದಾಗಿದೆಯಲ್ಲ, ಈಗ ಆರು ಬಿಲ್ಲೆ ಯಾರ ಲೆಕ್ಕಕ್ಕೆ ಹಾಕೋದು ಅಣ್ಣಾ?” ಎಂದು ನನ್ನನ್ನೇ ಕೇಳಿದರು.